ಅಮೆಜಾನ್ ತೀರದ ಇಕಿಟೋಸ್ ನಗರಕ್ಕೆ ಹೋಗಿ ಬಂದವರಿದ್ದೀರಾ? ಯಾವ ತಿಂಗಳು ಒಳ್ಳೆಯದು?

ಪ್ರಶ್ನೆ: ನಿವೃತ್ತ ಟೀಚರ್, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ದಕ್ಷಿಣ ಅಮೆರಿಕದ ಭೂಪಟವನ್ನು ಗೋಡೆಗೆ ತೂಗುಹಾಕಿ, ಆಂಡಿಸ್ ಪರ್ವತದಿಂದ ಅಟ್ಲಾಂಟಿಕ್ ಸಾಗರದವರೆಗೆ ಅಮೆಜಾನ್ ನದಿಯನ್ನು ಕೋಲಿನಿಂದ ತೋರಿಸುವಾಗಲೆಲ್ಲ, ಪೆರು ದೇಶದ ಈಶಾನ್ಯದಲ್ಲಿರುವ ಇಕಿಟೋಸ್ ಎಂಬ ಊರಿನ ಮೇಲೆ ಕೋಲು ಒಂದು ಕ್ಷಣ ನಿಲ್ಲುತ್ತಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರಕ್ಕೆ ದೇಶದ ಉಳಿದ ಭಾಗದಿಂದ ರಸ್ತೆಯೇ ಇಲ್ಲ, ವಿಮಾನದಲ್ಲಿ ಹೋಗಬೇಕು ಇಲ್ಲವೇ ನದಿಯ ಮೇಲೆ ಹೋಗಬೇಕು ಎಂದರೆ ಮಕ್ಕಳು ನಂಬುತ್ತಿರಲಿಲ್ಲ.

ಮಗ ಈಗ ಮ್ಯಾಡ್ರಿಡ್‌ನಲ್ಲಿದ್ದಾನೆ, ಸ್ಪ್ಯಾನಿಷ್ ಕಲಿತಿದ್ದಾನೆ. ಬರುವ ವರ್ಷ ನನ್ನನ್ನೂ ಅವನ ಅಪ್ಪನನ್ನೂ ಅಲ್ಲಿಗೆ ಕರೆದೊಯ್ಯುವೆನೆಂದು ಹೇಳುತ್ತಿದ್ದಾನೆ. ನನಗೆ 64 ವರ್ಷ, ಯಜಮಾನರಿಗೆ 68. ನಾವು ಸಸ್ಯಾಹಾರಿಗಳು. ಯಾವ ತಿಂಗಳಲ್ಲಿ ಹೋದರೆ ಕಾಡು ಮತ್ತು ನದಿ ಎರಡನ್ನೂ ಸರಿಯಾಗಿ ನೋಡಬಹುದು? ನದಿಯ ಮೇಲಿನ ಪ್ರಯಾಣ ನಮ್ಮ ವಯಸ್ಸಿನವರಿಗೆ ಸಾಧ್ಯವೇ? ಅಲ್ಲಿಂದ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆಂದು ಕೇಳಿದ್ದೇನೆ. ಪ್ರಾಣಿಗಳನ್ನು ಕಟ್ಟಿಹಾಕಿ ತೋರಿಸುವ ಜಾಗಗಳಲ್ಲಿ ನಮಗೆ ಆಸಕ್ತಿಯಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಉಪ್ಪಳದವನು, 2019ರಲ್ಲಿ ಹೋಗಿ ಬಂದವನು

ಟೀಚರ್, ನಿಮ್ಮ ಪ್ರಶ್ನೆ ಓದಿ ತುಂಬ ಸಂತೋಷವಾಯಿತು. ಖಂಡಿತ ಹೋಗಿ. ಆದರೆ ತಿಂಗಳನ್ನು ಆರಿಸುವಾಗ ಮಳೆಯನ್ನು ನೋಡಬೇಡಿ, ನದಿಯ ನೀರನ್ನು ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮತ್ತೆ ಬಿಡುವು ಕೊಡುವಂತೆ ಅಲ್ಲಿನ ಮಳೆ ಇಲ್ಲ. ವರ್ಷವಿಡೀ ಆಗಾಗ ಬರುತ್ತಲೇ ಇರುತ್ತದೆ. ಇಡೀ ವರ್ಷದ ಲೆಕ್ಕ ಹಾಕಿದರೆ ನಮ್ಮ ಕಾಸರಗೋಡಿಗೇ ಇಕಿಟೋಸ್‌ಗಿಂತ ಹೆಚ್ಚು ಮಳೆ ಬೀಳುತ್ತದೆ ಎಂದರೆ ಆಶ್ಚರ್ಯವಾಗಬಹುದು. ಆದರೂ ಅಲ್ಲಿನ ನದಿ ಕೆಳಗಿನ ಮಟ್ಟದಿಂದ ಸುಮಾರು 10 ಮೀಟರಿನಷ್ಟು ಏರುತ್ತದೆ, ಏಕೆಂದರೆ ಆ ನೀರಿನ ಬಹುಪಾಲು ದೂರದ ಆಂಡಿಸ್ ಇಳಿಜಾರಿನಿಂದ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರೆ ತುಂಬಿರುತ್ತದೆ; ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ನೀರು ಅತ್ಯಂತ ಕೆಳಗಿರುತ್ತದೆ.

ಎರಡೂ ಕಾಲದಲ್ಲಿ ಕಾಣುವುದು ಒಂದೇ ಊರಲ್ಲ. ನಾನು ಹೋದದ್ದು ಮೇ ತಿಂಗಳಲ್ಲಿ. ಆಗ ಕಾಡಿನೊಳಗೆ ನಡೆಯುವ ದಾರಿಗಳೆಲ್ಲ ಮುಳುಗಿದ್ದವು, ನಾವು ಸಣ್ಣ ದೋಣಿಯಲ್ಲಿ ಮರಗಳ ನಡುವೆಯೇ ಸಾಗುತ್ತಿದ್ದೆವು. ಕೊಂಬೆಗಳು ನಮ್ಮ ತಲೆಯ ಮಟ್ಟದಲ್ಲಿದ್ದವು, ಕೈಚಾಚಿದರೆ ಬಂದಳಿಕೆ ಸಿಗುತ್ತಿತ್ತು. ಗಮಿತಾನಾ ಎಂಬ ದೊಡ್ಡ ಮೀನು ಆ ಕಾಲದಲ್ಲಿ ಮರದಿಂದ ನೀರಿಗೆ ಉದುರುವ ಹಣ್ಣು, ಬೀಜಗಳನ್ನು ತಿಂದು ದೂರ ದೂರ ಒಯ್ಯುತ್ತದೆ. ನಮ್ಮ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಮಾಡುವ ಬೀಜಪ್ರಸಾರದ ಕೆಲಸವನ್ನು ಅಲ್ಲಿ ಮೀನೂ ಮಾಡುತ್ತದೆ. ನಸುಗೆಂಪು ಬಣ್ಣದ ನದಿ ಡಾಲ್ಫಿನ್‌ಗಳು ಕತ್ತನ್ನು ಅತ್ತಿತ್ತ ತಿರುಗಿಸಬಲ್ಲವು, ಆದ್ದರಿಂದ ಮುಳುಗಿದ ಕಾಡಿನ ಮರಗಳ ಸಂದಿಯಲ್ಲೂ ಮೀನು ಹುಡುಕುತ್ತ ಬರುತ್ತವೆ. ಒಂದು ಬೆಳಗ್ಗೆ ದೋಣಿಯ ಎಂಜಿನ್ ನಿಲ್ಲಿಸಿ ಕುಳಿತಿದ್ದಾಗ ಪಕ್ಕದಲ್ಲೇ ಅದು ಉಸಿರು ಬಿಟ್ಟ ಸದ್ದು ಕೇಳಿದೆ, ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನೀರಿಳಿದ ಕಾಲದಲ್ಲಿ ಹೋದರೆ ಮರಳ ದಿಬ್ಬಗಳು ಮೇಲೆ ಬಂದಿರುತ್ತವೆ, ಕಾಡಿನಲ್ಲಿ ನಡೆಯಬಹುದು, ತಾರಿಕಾಯಾ ಎಂಬ ನದಿ ಆಮೆ ಮೊಟ್ಟೆಯಿಡಲು ದಂಡೆಗೆ ಬರುತ್ತದೆ. ಸೊಳ್ಳೆ ಸ್ವಲ್ಪ ಕಡಿಮೆ. ಆದರೆ ನಿಮ್ಮಿಬ್ಬರ ಮೊಣಕಾಲಿನ ದೃಷ್ಟಿಯಿಂದ ನೋಡಿದರೆ, ಕೆಸರಿನಲ್ಲಿ ಗಂಟೆಗಟ್ಟಲೆ ನಡೆಯುವುದಕ್ಕಿಂತ ದೋಣಿಯಲ್ಲಿ ಕುಳಿತು ನೋಡುವ ಮೇ ತಿಂಗಳೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹೋಗುವ ಬಗೆ: ಲಿಮಾದಿಂದ ಇಕಿಟೋಸ್‌ಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ಯೂರಿಮಾಗ್ವಾಸ್ ಎಂಬ ಊರಿನವರೆಗೆ ರಸ್ತೆಯಲ್ಲಿ ಬಂದು, ಅಲ್ಲಿಂದ ಸರಕು ಸಾಗಿಸುವ ಲಾಂಚಿನಲ್ಲಿ ಎರಡು ಮೂರು ದಿನ ಪ್ರಯಾಣಿಸುವವರೂ ಇದ್ದಾರೆ. ಲಾಂಚಿನ ಅಟ್ಟದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಬಟ್ಟೆಯ ತೂಗುಮಂಚ ಕಟ್ಟಿಕೊಂಡು, ಕೋಳಿ, ಬಾಳೆಗೊನೆ, ಸಿಮೆಂಟ್ ಚೀಲಗಳ ಜೊತೆಯಲ್ಲಿ ಮಲಗಬೇಕು. ನಾನು ಹಾಗೆ ಹೋದೆ, ನನಗೆ ಅದು ಬಹಳ ಪ್ರಿಯವಾದ ಅನುಭವ. ಆದರೆ ಶೌಚಾಲಯದ ಸ್ಥಿತಿಯನ್ನು ನೆನೆದರೆ ನಿಮಗೆ ಶಿಫಾರಸು ಮಾಡಲಾರೆ. ಅದಕ್ಕೆ ಬದಲಾಗಿ ಇಕಿಟೋಸ್‌ನಿಂದ ನೌಟಾ ಎಂಬ ಪಟ್ಟಣಕ್ಕೆ ಸುಮಾರು 100 ಕಿಲೋಮೀಟರ್ ರಸ್ತೆಯಿದೆ, ಇಕಿಟೋಸ್ ನಗರದಿಂದ ಹೊರಕ್ಕೆ ಹೋಗುವ ಮುಖ್ಯ ರಸ್ತೆ ಅದೇ. ನೌಟಾದ ಹತ್ತಿರ ಮರಾನ್ಯೋನ್ ಮತ್ತು ಉಕಯಾಲಿ ನದಿಗಳು ಕೂಡುತ್ತವೆ, ಅಲ್ಲಿಂದ ಮುಂದಕ್ಕೆ ಪೆರುವಿನವರು ಆ ನದಿಯನ್ನು ಅಮೆಜಾನ್ ಎಂದು ಕರೆಯುತ್ತಾರೆ. ಭೂಗೋಳ ಕಲಿಸಿದ ನೀವು ಆ ಸಂಗಮವನ್ನು ಕಣ್ಣಾರೆ ನೋಡಲೇಬೇಕು. ಪಕಾಯಾ ಸಮಿರಿಯಾ ರಾಷ್ಟ್ರೀಯ ಮೀಸಲು ಅರಣ್ಯಕ್ಕೂ ಅಲ್ಲಿಂದಲೇ ದೋಣಿಯಲ್ಲಿ ಹೋಗುತ್ತಾರೆ. ಅದರ ವಿಸ್ತಾರ 20,000 ಚದರ ಕಿಲೋಮೀಟರಿಗಿಂತ ಹೆಚ್ಚು, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯ ಹತ್ತು ಪಟ್ಟು. ಅಲ್ಲಿಗೆ ಕನಿಷ್ಠ ನಾಲ್ಕು ದಿನ ಮೀಸಲಿಡಿ.

ಊಟದ ಬಗ್ಗೆ ಎಚ್ಚರ ಬೇಕು. ಅನ್ನವನ್ನು ಬಿಹಾವೊ ಎಂಬ ಅಗಲ ಎಲೆಯಲ್ಲಿ ಕಟ್ಟಿ ಬೇಯಿಸುವ ಹುವಾನೆ ಎಂಬ ತಿನಿಸನ್ನು ನೋಡಿದಾಗ ನಮ್ಮ ಅರಸಿನ ಎಲೆಯ ಗಟ್ಟಿಯೇ ನೆನಪಾಗುತ್ತದೆ, ಆದರೆ ಅದರೊಳಗೆ ಕೋಳಿಯೂ ಮೊಟ್ಟೆಯೂ ಇರುತ್ತವೆ. ಬಾಳೆಕಾಯಿಯನ್ನು ಜಜ್ಜಿ ಮಾಡುವ ಟಕಾಚೋಗೆ ಹಂದಿಯ ಕೊಬ್ಬು ಸೇರಿಸುತ್ತಾರೆ. ಮಾಂಸವಿಲ್ಲದೆ ಎಂದಷ್ಟೇ ಹೇಳಿದರೆ ಕೋಳಿಯನ್ನೋ ಮೀನನ್ನೋ ತಂದಿಡುವುದುಂಟು. ಮಾಂಸ, ಕೋಳಿ, ಮೀನು, ಕೊಬ್ಬು ಯಾವುದೂ ಬೇಡವೆಂದು ನಿಮ್ಮ ಮಗ ಒಂದೊಂದಾಗಿ ಹೆಸರಿಸಿ ಹೇಳಬೇಕು. ಅನ್ನ, ಹುರುಳಿಕಾಳಿನಂಥ ಬೀನ್ಸ್, ಮರಗೆಣಸು, ಕರಿದ ನೇಂದ್ರ ಬಾಳೆ, ಪಪ್ಪಾಯಿ ಎಲ್ಲ ಕಡೆ ಸಿಗುತ್ತವೆ.

ಉತ್ತರ: ಮಂಜೇಶ್ವರದ ವೈದ್ಯ

ಪ್ರಯಾಣದ ವಿವರ ಮೇಲೆ ಬಂದಿದೆ. ನಾನು ಲಸಿಕೆಯ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಾಯದಲ್ಲಿ ಅದು ಎಲ್ಲಕ್ಕಿಂತ ಮುಖ್ಯ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಪೆರು ಇದೆ. ಅಲ್ಲಿಂದ ಹೊರಟು 6 ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಚುಚ್ಚಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ, ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ. ಸರ್ಕಾರ ಅಧಿಕೃತವಾಗಿ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು.

ಆದರೆ ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ವರ್ಷ ದಾಟಿದವರು ಮೊದಲ ಬಾರಿಗೆ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಯುವಕರಿಗಿಂತ ಹೆಚ್ಚು. ಅದು ಅಪರೂಪವೇ ಹೌದು, ಹಾಗೆಂದು ಕಡೆಗಣಿಸುವಂತಿಲ್ಲ. ಮೊಟ್ಟೆಯ ತೀವ್ರ ಅಲರ್ಜಿ ಇದ್ದವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಇಬ್ಬರೂ ನಿಮ್ಮ ಕುಟುಂಬ ವೈದ್ಯರ ಬಳಿ ಈಗಲೇ ಮಾತಾಡಿ, ಟಿಕೆಟ್ ಆಮೇಲೆ ತೆಗೆಯಿರಿ. ಯಜಮಾನರಿಗೆ ಲಸಿಕೆ ಬೇಡವೆಂದು ವೈದ್ಯರು ಹೇಳಿದರೆ, ಆ ಪತ್ರ ತೋರಿಸಿ ವಿಮಾನ ನಿಲ್ದಾಣದಿಂದ ಹೊರಬರಬಹುದೆಂದು ಭಾವಿಸಬೇಡಿ. ಮರಳುವಾಗ ಮಗನ ಮನೆಯಲ್ಲಿ ಒಂದು ವಾರಕ್ಕಿಂತ ಹೆಚ್ಚು ಉಳಿದು ಬಂದರೆ ಆ 6 ದಿನಗಳ ತೊಡಕು ತಪ್ಪುತ್ತದೆ, ಆದರೆ ಕಾಡಿನಲ್ಲಿ ಸೊಳ್ಳೆಯಿಂದ ಬರುವ ಅಪಾಯ ಅದರಿಂದ ತಪ್ಪುವುದಿಲ್ಲ.

ಇಕಿಟೋಸ್ ಇರುವ ಲೊರೆಟೊ ಪ್ರಾಂತದಲ್ಲಿ ಮಲೇರಿಯಾ ಕೂಡ ಇದೆ, ಮಾರಕವಾದ ಫಾಲ್ಸಿಪಾರಂ ಬಗೆಯದೂ ಸೇರಿ. ತಡೆಮಾತ್ರೆಯನ್ನು ಹೊರಡುವ ಮೊದಲೇ ಆರಂಭಿಸಬೇಕಾಗುತ್ತದೆ. ಮರಳಿ ಬಂದ ಮೇಲೆ ತಿಂಗಳು ಕಳೆದು ಜ್ವರ ಬಂದರೂ, ಹೋಗಿದ್ದ ಊರಿನ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಉತ್ತರ: ಮುಳ್ಳೇರಿಯದ ಕೃಷಿಕ

ನಾನು ಅಲ್ಲಿಗೆ ಹೋದವನಲ್ಲ. ಆದರೆ ನಮ್ಮ ಗುಡ್ಡದಲ್ಲಿ ಮೂರು ಎಕರೆ ರಬ್ಬರ್ ಇರುವುದರಿಂದ ಆ ಊರಿನ ಚರಿತ್ರೆಯನ್ನು ಹುಡುಕಿ ಓದಿದ್ದೇನೆ, ಟೀಚರ್ ಹೋಗುವ ಮೊದಲು ಇದನ್ನು ತಿಳಿದಿರಬೇಕೆಂದು ಬರೆಯುತ್ತಿದ್ದೇನೆ. ಇಕಿಟೋಸ್‌ನ ನದೀತೀರದಲ್ಲಿ ಪೋರ್ಚುಗಲ್‌ನಿಂದ ತರಿಸಿದ ಬಣ್ಣದ ಟೈಲ್ಸ್ ಗೋಡೆಗೆ ಹೊದಿಸಿದ ದೊಡ್ಡ ಮನೆಗಳಿವೆ, ಪೇಟೆಯ ಚೌಕದಲ್ಲಿ ಕಬ್ಬಿಣದ ತಗಡಿನದೇ ಒಂದು ಮನೆಯಿದೆ. ಅವೆಲ್ಲ 1880ರ ನಂತರದ ಮೂರು ದಶಕಗಳಲ್ಲಿ ಕಾಡು ರಬ್ಬರಿನ ಹಣದಿಂದ ಎದ್ದವು. ಆ ರಬ್ಬರನ್ನು ಕಾಡಿನ ಮೂಲನಿವಾಸಿಗಳಿಂದ ಹೊಡೆದು, ಸರಪಳಿ ಹಾಕಿ, ಹಸಿವಿನಲ್ಲಿಟ್ಟು ತರಿಸಿಕೊಂಡರು. ಪುಟುಮಾಯೊ ನದಿಯ ಕಡೆ ಹುಯಿಟೊಟೊ, ಬೋರಾ ಮೊದಲಾದ ಬುಡಕಟ್ಟುಗಳ ಸಾವಿರಾರು ಜನ ಸತ್ತರು. 1910ರಲ್ಲಿ ರೋಜರ್ ಕೇಸ್‌ಮೆಂಟ್ ಎಂಬ ಬ್ರಿಟಿಷ್ ರಾಜತಾಂತ್ರಿಕ ಅಲ್ಲಿಗೆ ಹೋಗಿ ವಿಚಾರಣೆ ನಡೆಸಿದ, 1912ರಲ್ಲಿ ಅವನ ವರದಿ ಪ್ರಕಟವಾಯಿತು.

ಇದಕ್ಕೂ ಮೊದಲೇ, 1876ರಲ್ಲಿ, ಬ್ರಿಟಿಷನಾದ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಎಂಬ ಸಸ್ಯೋದ್ಯಾನಕ್ಕೆ ಒಯ್ದಿದ್ದ. ಮೊಳೆತ ಸಸಿಗಳು ಸಿಲೋನ್‌ಗೆ ಬಂದವು. ಏಷ್ಯಾದ ತೋಟಗಳ ರಬ್ಬರ್ ಮಾರುಕಟ್ಟೆಗೆ ಬಂದೊಡನೆ ಇಕಿಟೋಸ್‌ನ ವೈಭವ ಕುಸಿಯಿತು. ನಮ್ಮ ಗುಡ್ಡದಲ್ಲಿ ನಾನು ದಿನವೂ ಮುಂಜಾನೆ ಚಿಪ್ಪು ಕಟ್ಟಿ ಹಾಲು ಇಳಿಸುವ ಮರ ಆ ಕಾಡಿನ ಮರವೇ. ಟೀಚರ್, ಅಲ್ಲಿ ಕಾಡಿನೊಳಗೆ ಒಂದು ರಬ್ಬರ್ ಮರವನ್ನು ನೋಡಿದರೆ ಫೋಟೋ ತೆಗೆದು ಇಲ್ಲಿ ಹಾಕಿ. ತವರಿನಲ್ಲಿ ಅದು ಸಾಲಾಗಿ ಬೆಳೆಯುವುದಿಲ್ಲ, ಎಲೆ ಒಣಗಿಸುವ ಶಿಲೀಂಧ್ರ ರೋಗದಿಂದಾಗಿ ಒಂದು ಮರ ಇನ್ನೊಂದರಿಂದ ದೂರ ದೂರವೇ ಉಳಿಯುತ್ತದೆ.

ಪ್ರಶ್ನೆ ಕೇಳಿದ ಟೀಚರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವೈದ್ಯರ ಮಾತಿನಂತೆ ಮೊದಲು ಲಸಿಕೆಯ ವಿಷಯ ನಿಶ್ಚಯಿಸುತ್ತೇವೆ. ರಬ್ಬರ್ ಮರದ ಫೋಟೋ ಖಂಡಿತ ತರುತ್ತೇನೆ. ಉಪ್ಪಳದ ತಮ್ಮ, ನಗರದ ಒಳಗೆ ಏನು ನೋಡಬೇಕು, ಏನನ್ನು ಬಿಡಬೇಕು ಎಂಬುದನ್ನು ಇನ್ನೂ ಸ್ವಲ್ಪ ಹೇಳಬಹುದೇ?

ಉತ್ತರ: ಉಪ್ಪಳದವನು

ಹೇಳುತ್ತೇನೆ ಟೀಚರ್. ಬೆಲೆನ್ ಎಂಬ ಕೇರಿಗೆ ಬೆಳಗ್ಗೆ ಬೇಗ, ಊರಿನವರೊಬ್ಬರನ್ನು ಜೊತೆ ಮಾಡಿಕೊಂಡು ಹೋಗಿ. ಅಲ್ಲಿ ಕೆಲವು ಮನೆಗಳು ಎತ್ತರದ ಕಂಬಗಳ ಮೇಲಿವೆ, ಕೆಲವು ಹಗುರವಾದ ಬಾಲ್ಸಾ ಮರದ ದಿಮ್ಮಿಗಳ ಮೇಲೆ ಕುಳಿತು ನೆರೆಯೊಡನೆ ಏರುತ್ತವೆ, ಇಳಿಯುತ್ತವೆ. ಮೇಲಿನ ಸಂತೆಯಲ್ಲಿ ಅಗ್ವಾಹೆ ಎಂಬ ತಾಳೆಜಾತಿಯ ಹಣ್ಣನ್ನು ರಾಶಿ ರಾಶಿಯಾಗಿ ಮಾರುತ್ತಾರೆ. ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ, ಗೊನೆಗಾಗಿ ಆ ಮರವನ್ನೇ ಕಡಿದುಹಾಕುವ ರೂಢಿಯಿಂದ ಎಷ್ಟೋ ಕಡೆ ಹೆಣ್ಣು ಮರಗಳು ವಿರಳವಾಗಿವೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವವರ ಊರಿನಿಂದ ಹೋದ ನನಗೆ ಇದನ್ನು ಕೇಳಿ ಸಂಕಟವಾಯಿತು. ಈಗ ಕೆಲವು ಹಳ್ಳಿಗಳವರು ಸಲಕರಣೆ ಕಟ್ಟಿಕೊಂಡು ಮರ ಹತ್ತಿ ಗೊನೆ ಇಳಿಸುತ್ತಿದ್ದಾರೆ. ಅಂಥವರಿಂದ ಬಂದ ಹಣ್ಣೇ ಎಂದು ಕೇಳಿ ಕೊಳ್ಳಿ.

ಬಿಡಬೇಕಾದದ್ದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಮೊದಲ ದಿನ ದೋಣಿಯವನೊಬ್ಬ ನದಿಯಾಚೆ ಒಂದು ಮನೆಗೆ ಕರೆದೊಯ್ದ. ಅಲ್ಲಿ ಸ್ಲಾತ್ ಎಂಬ, ಮರದ ಮೇಲೆ ಬದುಕುವ ನಿಧಾನಗತಿಯ ಪ್ರಾಣಿಯ ಮರಿಯೊಂದನ್ನು ನನ್ನ ತೋಳಿಗೆ ಏರಿಸಿ ಫೋಟೋಗೆ ನಿಲ್ಲಿಸಿದರು, ನಾನು ನಿಂತೆ, ಹಣವನ್ನೂ ಕೊಟ್ಟೆ. ತಾಯಿಯಿಂದ ಬೇರ್ಪಡಿಸಿ ತಂದ ಅಂಥ ಮರಿಗಳು ಹೆಚ್ಚು ಕಾಲ ಬದುಕುವುದಿಲ್ಲವೆಂದು ಆಮೇಲೆ ತಿಳಿದು ಬಹಳ ನೊಂದುಕೊಂಡೆ. ದೋಣಿ ಗೊತ್ತುಮಾಡುವಾಗಲೇ, ಪ್ರಾಣಿಯನ್ನು ಕೈಗೆ ಕೊಡುವ ಯಾವ ಜಾಗಕ್ಕೂ ಬರುವುದಿಲ್ಲವೆಂದು ನಿಮ್ಮ ಮಗ ಸ್ಪಷ್ಟವಾಗಿ ಹೇಳಲಿ. ಪ್ರಾಣಿಯನ್ನು ನೋಡಲೇಬೇಕೆಂದರೆ, ಗಾಯಗೊಂಡ ಅಥವಾ ಅನಾಥವಾದ ಮ್ಯಾನಟಿ ಎಂಬ ದೊಡ್ಡ ಜಲಸಸ್ತನಿಗಳನ್ನು ಸಾಕಿ ನದಿಗೆ ಮರಳಿ ಬಿಡುವ ರಕ್ಷಣಾ ಕೇಂದ್ರ ನಗರದಿಂದ ನೌಟಾ ಕಡೆಗೆ ಹೋಗುವ ರಸ್ತೆಯಲ್ಲಿದೆ. ಅದೇ ರಸ್ತೆಯಲ್ಲಿ ಅಲ್ಪಾವಾಯೊ ಮಿಶಾನಾ ಎಂಬ ಮೀಸಲು ಅರಣ್ಯವೂ ಸಿಗುತ್ತದೆ; ಬಿಳಿ ಮರಳಿನ ಮೇಲೆ ಬೆಳೆದ ಆ ಕಾಡನ್ನು ನೋಡಲು ಅರ್ಧ ದಿನ ಸಾಕು, ನೆಲವೂ ಹೆಚ್ಚು ಕೆಸರಾಗಿರುವುದಿಲ್ಲ.

ಸಂಜೆ ಮಲೆಕಾನ್ ಎಂಬ ನದೀತೀರದ ಹಾದಿಗೆ ಬಂದು ಕುಳಿತುಕೊಳ್ಳಿ. ಅಮೆಜಾನಿನ ಮುಖ್ಯ ಹರಿವು ಹಲವು ದಶಕಗಳಿಂದ ಪಾತ್ರ ಬದಲಿಸಿ ನಗರದಿಂದ ದೂರ ಸರಿದಿದೆ, ಎದುರಿಗೆ ಈಗ ಕಾಣುವುದು ಇಟಾಯಾ ಎಂಬ ಉಪನದಿ. ನಮ್ಮ ಚಂದ್ರಗಿರಿ ಕೊಡಗಿನ ಬೆಟ್ಟದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಕಡಲು ಸೇರುತ್ತದೆ. ಅಲ್ಲಿ ನೀವು ಕುಳಿತಿರುವ ಜಾಗ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಷ್ಟೇ ಇದೆ, ಆದರೆ ಎದುರಿಗಿರುವ ನೀರು ಕಡಲನ್ನು ಮುಟ್ಟಲು 3,500 ಕಿಲೋಮೀಟರಿಗೂ ಹೆಚ್ಚು ದೂರ ಹರಿಯಬೇಕು. ನೀವು ಕೋಲಿನಿಂದ ಎಳೆಯುತ್ತಿದ್ದ ಗೆರೆ ಅದೇ.