ಟೆನ್ಶನ್ ಅಭ್ಯಾಸ ಆಗಿದೆ, ಆದರೂ ಬಿಪಿ ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 41 ವರ್ಷ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ 14 ವರ್ಷದಿಂದ ಡ್ರೈವರ್. ಸುರುವಿಗೆ ಟೈಮಿಂಗ್ ತಪ್ಪಿದರೆ ಎದೆ ಡವಡವ ಅನ್ನುತ್ತಿತ್ತು, ಕೈ ಬೆವರುತ್ತಿತ್ತು. ಈಗ ಹಾಗೇನೂ ಇಲ್ಲ, ಅಭ್ಯಾಸ ಆಗಿದೆ. ಆದರೆ ಮೊನ್ನೆ ಕ್ಯಾಂಪಿನಲ್ಲಿ ಬಿಪಿ 152/96 ಬಂತು. ಶುಗರ್ ಬಾರ್ಡರಿನಲ್ಲಿದೆ ಅಂದರು. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಟೆನ್ಶನ್ ಇಲ್ಲದವನಿಗೆ ಇದೆಲ್ಲ ಯಾಕೆ?

ಉತ್ತರ: ಅಣ್ಣಾ, ಅಭ್ಯಾಸ ಆಗಿರುವುದು ಮನಸ್ಸಿಗೆ. ದೇಹ ಇನ್ನೂ ಪ್ರತಿ ಟ್ರಿಪ್ಪಿನಲ್ಲೂ ದುಡಿಯುತ್ತಿರಬಹುದು.

ಪಡುಬಿದ್ರಿ ದಾಟಿದ್ದೀರಿ ಅಂತ ಇಟ್ಟುಕೊಳ್ಳಿ. ಹಿಂದಿನ ಬಸ್ಸಿನ ಹಾರ್ನ್ ಕೇಳಿತು, ಕನ್ನಡಿಯಲ್ಲಿ ಅದರ ಮೂತಿ ಕಂಡಿತು. ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಕೆಲವೇ ಸೆಕೆಂಡಿನಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಬಿಡುತ್ತದೆ. ಹೃದಯ ಜೋರಾಗುತ್ತದೆ, ಬಿಪಿ ಏರುತ್ತದೆ, ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದೇ ಗ್ರಂಥಿಯ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ಕೂಡ ಸೇರುತ್ತದೆ. ಇದೆಲ್ಲ ಓಡಲಿಕ್ಕೆ, ಹೊಡೆದಾಡಲಿಕ್ಕೆ ಆಗಿರುವ ತಯಾರಿ. ಆದರೆ ನೀವು ಸ್ಟೀರಿಂಗ್ ಹಿಡಿದು ಕೂತೇ ಇದ್ದೀರಿ. ಆ ಸಕ್ಕರೆಯನ್ನು ಸುಡುವವರು ಯಾರು?

ದಿನಕ್ಕೆ ಒಂದು ಸಲ ಆದರೆ ತೊಂದರೆ ಇಲ್ಲ, ದೇಹ ತಾನೇ ಇಳಿಸಿಕೊಳ್ಳುತ್ತದೆ. ನಿಮಗೆ ಇಳಿಯುವ ಮೊದಲೇ ಮತ್ತೆ ಏರುತ್ತದೆ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ಚಳಿ, ಗಾಯ, ಅತಿಯಾದ ದುಡಿಮೆ ಕೊಟ್ಟು ನೋಡಿದರು. ಕಷ್ಟ ಯಾವುದೇ ಇರಲಿ, ದೇಹದ ನಡೆ ಒಂದೇ ಥರ. ಮೊದಲು ಗಾಬರಿ. ಆಮೇಲೆ ಹೊಂದಿಕೊಂಡು ಸುಮ್ನೆ ಇದ್ದ ಹಾಗೆ ಕಾಣುವ ಕಾಲ. ಕೊನೆಗೆ ಸೋಲು. ಎರಡನೆಯದೇ ಮೋಸದ್ದು. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಖರ್ಚು ನಡೆಯುತ್ತಲೇ ಇರುತ್ತದೆ. ನೀವು ಅಲ್ಲಿರಬಹುದು ಅಂತ ನನಗೆ ಅನಿಸುತ್ತದೆ.

ನಿದ್ದೆಯದ್ದೂ ಇದೇ ದಾರಿ. ಕಾರ್ಟಿಸಾಲ್ ಬೆಳಗ್ಗೆ ಏಳುವಾಗ ಜಾಸ್ತಿ, ಮಧ್ಯರಾತ್ರಿಯ ಹೊತ್ತಿಗೆ ತೀರಾ ಕಡಿಮೆ ಇರಬೇಕು. ರಾತ್ರಿಯೂ ಇಳಿಯದಿದ್ದರೆ ನಿದ್ದೆ ತೆಳುವಾಗುತ್ತದೆ. ನಿದ್ದೆ ಕೆಟ್ಟರೆ ಮರುದಿನ ಬಿಪಿ, ಶುಗರ್ ಎರಡೂ ಕೆಡುತ್ತವೆ. ಹೊಟ್ಟೆಯ ಸುತ್ತ ಬೊಜ್ಜು, ಪದೇ ಪದೇ ಶೀತ, ಬೇಗ ಒಣಗದ ಗಾಯ, ಇವೂ ಇದರ ಜೊತೆ ಬರುತ್ತವೆ.

ಎಲ್ಲವನ್ನೂ ಟೆನ್ಶನ್ ಮೇಲೆ ಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯಾ? ಗೊರಕೆ ಇದೆಯಾ? ಬೀಡಿ, ಗುಟ್ಕಾ? ಒಣಮೀನು, ಉಪ್ಪಿನಕಾಯಿ ಎಷ್ಟು? ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸುಮಾರು ಒಂದು ಟೀ ಚಮಚ, ಅಡುಗೆಯದ್ದೂ ಸೇರಿ. ಕೂತು ಕೆಲಸ ಮಾಡುವುದೂ ಒಂದು ಕಾರಣ. 1953ರಲ್ಲಿ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಲೆಕ್ಕ ಪ್ರಕಟವಾಯಿತು. ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತಿರುವ ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ ಇತ್ತು.

ಹಾಗಾಗಿ ಟ್ರಿಪ್ ಮುಗಿದ ಕೂಡಲೇ ಮೊಬೈಲ್ ತೆಗೆಯಬೇಡಿ. ಸ್ಟ್ಯಾಂಡಿನಲ್ಲೇ ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಐದು ನಿಮಿಷ ನಿಧಾನವಾಗಿ ಉಸಿರಾಡಿ, ಒಳಗೆ ತೆಗೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಬಿಪಿ ಒಮ್ಮೆ ನೋಡಿ ತೀರ್ಮಾನ ಮಾಡುವುದಲ್ಲ. ಒಂದು ವಾರ ಬೆಳಗ್ಗೆ, ಸಂಜೆ ಐದು ನಿಮಿಷ ಸುಮ್ನೆ ಕೂತು ನೋಡಿ ಬರೆದಿಡಿ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಎದೆ ಬಿಗಿದು ಬೆವರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಬಸ್ ಬದಿಗೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರ ಪ್ರಶ್ನೆ: ಡಾಕ್ಟ್ರೇ, ನನ್ನ ಅಕ್ಕನಿಗೆ ಯಾವಾಗಲೂ ಸುಸ್ತು. ಅಡ್ರಿನಲ್ ಸೋತಿದೆ ಅಂತ ಯಾರೋ ದುಬಾರಿ ಪೌಡರ್ ಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದಾ?

ಉತ್ತರ: ಬೇಡಮ್ಮ. ಟೆನ್ಶನ್‌ನಿಂದ ಗ್ರಂಥಿ ಖಾಲಿಯಾಗುತ್ತದೆ ಎಂಬ ಕಾಯಿಲೆಯನ್ನು ವೈದ್ಯಶಾಸ್ತ್ರ ಒಪ್ಪಿಲ್ಲ. ಅಡ್ರಿನಲ್ ನಿಜವಾಗಿ ಕೆಡುವ ಅಡಿಸನ್ ಕಾಯಿಲೆಯೇ ಬೇರೆ, ಅದು ಅಪರೂಪ. ಆ ದುಡ್ಡಿನಲ್ಲಿ ಅಕ್ಕನಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಪರೀಕ್ಷೆ ಮಾಡಿಸಿ. ಅವರು ನಿದ್ದೆ ಮಾಡುತ್ತಾರಾ, ಮನಸ್ಸು ಕುಗ್ಗಿದೆಯಾ ಅಂತ ಹತ್ತಿರ ಕೂತು ಕೇಳಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಇವತ್ತು ರಜೆ, ಮನೆಯಲ್ಲೇ ನೋಡಿದೆ, 138/88. ಹಾಗಾದರೆ ಮಾತ್ರೆ ಬೇಡ ಅಲ್ವಾ?

ಉತ್ತರ: ಇದು ರಜೆಯ ದಿನದ್ದು. ಡ್ಯೂಟಿ ಮುಗಿಸಿ ಬಂದ ಸಂಜೆಯದ್ದೂ ಬೇಕು. ಏಳು ದಿನದ ಚೀಟಿ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಮಾತ್ರೆಯ ವಿಚಾರ ಅವರೇ ಹೇಳಲಿ.