ಹಳೇ ಆಲ್ಟೊಗೆ ಮೊದಲ ಹ್ಯಾಮ್ ಸೆಟ್: ಶಿವಮೊಗ್ಗ–ಆಗುಂಬೆ ದಾರಿಗೆ ಯಾವುದು ಹೊಂದುತ್ತೆ?

ಗಾಜನೂರು_ಕಟ್ಟೆ:
ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೊದ ಮೊದಲ ಹಂತದ ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ಬಂತು, ಕಾಲ್‌ಸೈನೂ (ರೇಡಿಯೊದಲ್ಲಿ ನನ್ನ ಗುರುತಿನ ಹೆಸರು) ಸಿಕ್ತು. ಈಗ ಕಾರಿಗೆ ಸೆಟ್ ಬೇಕು. ಕಾರು ಹಳೇ ಆಲ್ಟೊ. ವಾರಕ್ಕೆರಡು ಸಲ ಶಿವಮೊಗ್ಗ–ತೀರ್ಥಹಳ್ಳಿ–ಆಗುಂಬೆ ಓಡಾಟ, ಯಾವಾಗಾದ್ರೂ ಹೊಸನಗರ. ಎಲ್ಲಾ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಬೇಕು. ಮೂರು ಪ್ರಶ್ನೆ: 5 ವ್ಯಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯೋ ಸೆಟ್) ಸಾಕಾ, 50–60 ವ್ಯಾಟಿನ ಮೊಬೈಲ್ ಸೆಟ್ಟೇ (ಗಾಡಿಗೆ ಕೂರಿಸೋದು) ಬೇಕಾ? ಒಂದೇ ಬ್ಯಾಂಡಾ (ತರಂಗಪಟ್ಟಿ), ಡ್ಯುಯಲ್ ಬ್ಯಾಂಡಾ (ಎರಡು ಪಟ್ಟಿ)? ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕರೆಂಟ್ ತಗೋಬಹುದಾ?

ಘಟ್ಟದಮೇಲೆ:
ಮೂರನೆಯದಕ್ಕೆ ಮೊದಲು ಉತ್ತರ: ಬೇಡ. ಕಾರಣವನ್ನು ವೈರಿಂಗ್ ಗೊತ್ತಿರೋರು ಕೆಳಗೆ ಬರೀತಾರೆ.

ವ್ಯಾಟಿನ ಲೆಕ್ಕ ಎಲ್ಲರೂ ತಿಳ್ಕೊಂಡ ಹಾಗಿಲ್ಲ. 5ರಿಂದ 50ಕ್ಕೆ ಹೋದ್ರೆ ಸಿಗೋದು 10 ಡೆಸಿಬೆಲ್ (ಸಿಗ್ನಲ್ ಬಲದ ಏರಿಕೆಯ ಅಳತೆ). ಕೇಳುವವರ ಮೀಟರಿನಲ್ಲಿ ಒಂದು ಎಸ್ ಯೂನಿಟ್ (ಒಂದು ಮನೆ) ಅಂದ್ರೆ 6 ಡೆಸಿಬೆಲ್, ಹಾಗಾಗಿ ಮುಳ್ಳು ಏರೋದು ಎರಡು ಮನೆಗಿಂತ ಕಡಿಮೆ. ಅದೇ ಹ್ಯಾಂಡಿಯನ್ನು ರಬ್ಬರ್ ಆಂಟೆನಾ ಸಮೇತ ಕಾರೊಳಗೆ ಹಿಡಿದರೆ ಸುತ್ತಲೂ ಇರೋ ತಗಡೇ ಸಿಗ್ನಲ್ ತಿನ್ನುತ್ತೆ. ಚಾವಣಿ ಮೇಲೊಂದು ಸರಿಯಾದ ಕಡ್ಡಿ ಆಂಟೆನಾ ಇಟ್ಟರೆ ಕಳಿಸೋದೂ ಕೇಳೋದೂ ಎರಡೂ ಸುಧಾರಿಸುತ್ತೆ. ವ್ಯಾಟ್ ಏರಿಸಿದರೆ ಕಳಿಸೋದು ಮಾತ್ರ. ಅದಕ್ಕೇ ದುಡ್ಡಿನಲ್ಲಿ ಮುಕ್ಕಾಲು ಭಾಗ ಸೆಟ್ಟಿಗೆ, ಕಾಲು ಭಾಗ ಆಂಟೆನಾ, ಕೇಬಲ್, ಫ್ಯೂಸಿಗೆ ಅಂತ ಮೊದಲೇ ಎತ್ತಿಡಿ. ಪೂರ್ತಿ ಸೆಟ್ಟಿಗೇ ಸುರಿದು ಆಮೇಲೆ ಅಗ್ಗದ ಮ್ಯಾಗ್ನೆಟ್ ಕಡ್ಡಿ ತಂದು ಅಂಟಿಸೋದೇ ಎಲ್ಲರೂ ಮಾಡೋ ತಪ್ಪು.

ಹಾಗಂತ ಹ್ಯಾಂಡಿಯೇ ಸಾಕು ಅನ್ನಲ್ಲ. ಬಾವೊಫೆಂಗ್ ಯುವಿ-5ಆರ್ ತರದ ಸೆಟ್ಟುಗಳ ರಿಸೀವರ್ ಬಡಪಾಯಿ. ಹೊರಗಿನ ಆಂಟೆನಾ ಸಿಕ್ಕಿಸಿ ಟವರ್ ಪಕ್ಕ ಹೋದ್ರೆ ಪಕ್ಕದ ಜೋರು ಸಿಗ್ನಲ್‌ಗೆ ಕಿವುಡಾಗುತ್ತೆ, ಬೇಕಾದ ಸ್ಟೇಷನ್ನೇ ಕೇಳಲ್ಲ. ಸ್ಪೀಕರ್ ಸಣ್ಣದು, ಆಲ್ಟೊ ಮೂರನೇ ಗೇರಿನಲ್ಲಿ ಏರು ಹತ್ತುವಾಗ ಮಾತು ಅರ್ಥವಾಗಲ್ಲ.

ನನ್ನ ಆಯ್ಕೆ: 2 ಮೀಟರ್ (144 ಮೆಗಾಹರ್ಟ್ಸ್ ಸುತ್ತಿನ) ಒಂದೇ ಬ್ಯಾಂಡಿನ ಜಪಾನಿ ಮೊಬೈಲ್ ಸೆಟ್, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಯಾಯೆಸು ಎಫ್‌ಟಿ-2980 ಆದ್ರೆ 80, 30, 10, 5 ವ್ಯಾಟ್; ಐಕಾಂ ಐಸಿ-2300ಎಚ್ ಆದ್ರೆ 65, 25, 10, 5. ಕೆಳಗಿನ ಮೆಟ್ಟಿಲುಗಳೇ ನಿಮಗೆ ಮುಖ್ಯ. ಲೈಸೆನ್ಸ್ ಕಾಗದದಲ್ಲಿ ಈ ಬ್ಯಾಂಡಿಗೆ ಎಷ್ಟು ವ್ಯಾಟ್ ಅಂತ ಬರೆದಿದೆಯೋ ಅದಕ್ಕೆ ಒಪ್ಪುವ ಮೆಟ್ಟಿಲಿನಲ್ಲೇ ಇಡಿ. ಸೆಟ್ ಹೊರದೇಶದ್ದಾದ್ರೆ ನಮ್ಮ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್ ಮಾತ್ರ ಅನ್ನೋದು ನೆನಪಿರಲಿ. ಅದು 148ರ ತನಕ ಟ್ರಾನ್ಸ್‌ಮಿಟ್ ಆಗುತ್ತೆ, ತಡೆಯೋರು ನೀವೇ.

ತಾಮ್ರದ_ತಂತಿ:
ವೈರಿಂಗ್ ವಿಷಯ ನನ್ನ ಪಾಲಿಗೆ ಬಂತು.

50 ವ್ಯಾಟ್ ಹೊರಗೆ ಹಾಕೋ ಸೆಟ್ ಸುಮಾರು 11 ಆಂಪಿಯರ್ ಎಳೆಯುತ್ತೆ. 13.8 ವೋಲ್ಟಿಗೆ ಗುಣಿಸಿ: ಒಳಗೆ 150 ವ್ಯಾಟ್, ಹೊರಗೆ 50. ಮಿಕ್ಕ 100 ಬರೀ ಬಿಸಿ. ಆದ್ದರಿಂದ ಸೀಟಿನಡಿ ಮ್ಯಾಟ್ ಮುಚ್ಚಿ ಇಡಬೇಡಿ, ಹಿಂದಿನ ಹೀಟ್‌ಸಿಂಕಿಗೆ ಎರಡು ಬೆರಳು ಗಾಳಿಗಿಂಡಿ ಬಿಡಿ.

ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್, ಒಳಗಿನ ವೈರು ಸಣ್ಣದು, ನಡುವಿನ ಪಿನ್ನು ಸ್ಪ್ರಿಂಗ್ ಒತ್ತಡದ ಮೇಲೆ ನಿಂತಿರುತ್ತೆ. 1 ಚದರ ಮಿಲಿಮೀಟರ್ ವೈರಿನಲ್ಲಿ ಹೋಗಿಬರೋ ದಾರಿ 5 ಮೀಟರ್ ಅಂದ್ರೆ ಹತ್ತಿರ ಹತ್ತಿರ 1 ವೋಲ್ಟ್ ದಾರಿಯಲ್ಲೇ ಹೋಯ್ತು. 4 ಚದರದ ವೈರಾದ್ರೆ ಕಾಲು ವೋಲ್ಟ್. ಈ ಸೆಟ್ಟುಗಳು 13.8ಕ್ಕೆ ಹದಿನೈದು ಶೇಕಡಾ ಮೇಲೆ ಕೆಳಗೆ ಸಹಿಸುತ್ತವೆ, ಅಂದ್ರೆ 11.7 ತನಕ. ಇಂಜಿನ್ ಆಫ್ ಇದ್ದಾಗ ಬ್ಯಾಟರಿಯೇ 12.3ಕ್ಕೆ ಇಳಿದಿದ್ರೆ, ದಾರಿಯಲ್ಲಿ 1 ವೋಲ್ಟ್ ಕಳೆದು ಪಿಟಿಟಿ (ಮೈಕಿನ ಮಾತಾಡೋ ಗುಂಡಿ) ಒತ್ತಿದ ಕೂಡಲೇ ಡಿಸ್‌ಪ್ಲೇ ಆರಿ ಸೆಟ್ ರೀಸೆಟ್ ಆಗುತ್ತೆ. ಜನ "ಸೆಟ್ ಕೆಟ್ಟಿದೆ" ಅಂತ ವಾಪಸ್ ಕಳಿಸ್ತಾರೆ, ಕೆಟ್ಟಿರೋದು ವೈರು.

ಕೆಂಪು, ಕಪ್ಪು ಎರಡೂ 4 ಚದರ ವೈರ್ ಬ್ಯಾಟರಿಯಿಂದಲೇ ತನ್ನಿ. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಬ್ಲೇಡ್ ಫ್ಯೂಸ್ ಹೋಲ್ಡರ್ ಬರಬೇಕು, 15 ಆಂಪಿಯರ್. ಫ್ಯೂಸ್ ಸೆಟ್ಟಿನ ಹತ್ತಿರ ಹಾಕಿದ್ರೆ ಬಾನೆಟ್ಟಿನಲ್ಲಿ ಉಜ್ಜಿ ಶಾರ್ಟ್ ಆದ ವೈರನ್ನು ಅದು ಕಾಯಲ್ಲ. ಫೈರ್‌ವಾಲಿಗೆ ಹೊಸ ತೂತು ಬೇಡ. ಕಾರಿನ ಮುಖ್ಯ ವೈರ್ ಕಟ್ಟು ಒಳಗೆ ಬರೋ ದಪ್ಪ ರಬ್ಬರ್ ಗ್ರಾಮೆಟ್ ಹುಡುಕಿ, ಅದರ ಅಂಚಿನಲ್ಲಿ ಸಣ್ಣದಾಗಿ ಸೀಳಿ, ಗಟ್ಟಿ ತಂತಿಗೆ ವೈರ್ ಕಟ್ಟಿ ಎಳೆದುಕೊಳ್ಳಿ. ಆಮೇಲೆ ಸಿಲಿಕೋನ್ ತುಂಬಿ, ಇಲ್ಲಾಂದ್ರೆ ಆಷಾಢದ ಮಳೆ ಕಾಲಡಿಗೇ ಬರುತ್ತೆ.

ಇದನ್ನು ಓದೋ ಹೊಸ ಕಾರಿನವರಿಗೆ: ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಡಬ್ಬಿ ಇದ್ದರೆ ಕಪ್ಪು ವೈರನ್ನು ಟರ್ಮಿನಲ್‌ಗೆ ಕೊಡಬೇಡಿ. ಬ್ಯಾಟರಿಯ ಅರ್ಥ್ ಕೇಬಲ್ ಬಾಡಿಗೆ ಸೇರೋ ಬೋಲ್ಟಿಗೆ ಕೊಡಿ. ಸೆನ್ಸರ್ ತಪ್ಪಿಸಿ ಹೋದ ಕರೆಂಟು ಕಾರಿನ ಲೆಕ್ಕಕ್ಕೆ ಸಿಗಲ್ಲ.

ಕುಂದಾದ್ರಿ_ನೆರಳು:
ಒಂದೇ ಬ್ಯಾಂಡ್ ಅನ್ನೋದಕ್ಕೆ ನನ್ನ ತಕರಾರಿದೆ. ಇಪ್ಪತ್ತು ಸಾವಿರಕ್ಕೆ ಕ್ಯುವೈಟಿ ಕೆಟಿ-8900 ತರದ ಪುಟ್ಟ ಡ್ಯುಯಲ್ ಬ್ಯಾಂಡ್ ತಗೊಂಡ್ರೆ 25 ವ್ಯಾಟ್ ಸಿಗುತ್ತೆ, ಆಲ್ಟೊ ಡ್ಯಾಶ್‌ಬೋರ್ಡಿಗೆ ಗಾತ್ರವೂ ಸರಿ. ನಮ್ಮ 434–438 ಮೆಗಾಹರ್ಟ್ಸೂ ಕೈಗೆ ಬರುತ್ತೆ. ಮೆಮೊರಿ ತುಂಬೋದು ಕಂಪ್ಯೂಟರಿನಲ್ಲಿ ಚಿರ್ಪ್ ಅನ್ನೋ ತಂತ್ರಾಂಶ ಹಾಕಿ. ಕೇಬಲ್ ಸಿಕ್ಕಿಸಿದಾಗ ವಿಂಡೋಸ್ "ಕೋಡ್ 10" ಅಂದ್ರೆ ಹೆಚ್ಚಾಗಿ ಕೇಬಲ್ಲಿನ ಚಿಪ್ ನಕಲಿ. ಹಳೇ ಡ್ರೈವರ್ ಹಾಕಿದ್ರೆ ನಡೆಯುತ್ತೆ.

ಘಟ್ಟದಮೇಲೆ:
ಊರೊಳಗೆ ಸರಿ ಮಾರಾಯ್ರೇ. ಮಂಡಗದ್ದೆ ದಾಟಿದ ಮೇಲೆ 70 ಸೆಂಟಿಮೀಟರ್ (ಆ 434–438ರ ಬ್ಯಾಂಡ್) ತಗೊಂಡು ಏನು ಮಾಡ್ತೀರಿ? ಒದ್ದೆ ಎಲೆ, ಕಾಡು, ಗುಡ್ಡ. ಆ ಬ್ಯಾಂಡನ್ನು ಮರಗಳು ಜಾಸ್ತಿ ಹೀರುತ್ತವೆ, ಗುಡ್ಡದ ಅಂಚಿನಲ್ಲಿ ಬಾಗೋದೂ ಕಡಿಮೆ. ಇನ್ನೊಂದು, ಆ ಪುಟ್ಟ ಸೆಟ್ಟಿನ ರಿಸೀವರ್ ಕೂಡ ಹ್ಯಾಂಡಿಯ ಅಣ್ಣನೇ.

ಗಾಜನೂರು_ಕಟ್ಟೆ:
ಒಂದೇ ಬ್ಯಾಂಡಿಗೆ ಮನಸ್ಸು ವಾಲಿದೆ. ಆಂಟೆನಾ ಮಾತ್ರ ಗೊಂದಲ. ಚಾವಣಿಗೆ ತೂತು ಕೊರೆಯೋಕೆ ಮನೆಯಲ್ಲಿ ಒಪ್ಪಲ್ಲ. ಉದ್ದದ 5/8 (ತರಂಗದ ಎಂಟರಲ್ಲಿ ಐದು ಪಾಲು) ಕಡ್ಡಿಯಾ, ಗಿಡ್ಡದ್ದಾ?

ಹುಲಿಕಲ್_ಮಳೆ:
ಗಿಡ್ಡದ್ದೇ, ಕ್ವಾರ್ಟರ್ ವೇವ್ (ಕಾಲು ತರಂಗ). ಸುಮಾರು 50 ಸೆಂಟಿಮೀಟರ್. 5/8 ಕಡ್ಡಿ ಒಂದೂಕಾಲು ಮೀಟರ್, ಶಕ್ತಿಯನ್ನು ನೆಲದ ಮಟ್ಟಕ್ಕೆ ಚಪ್ಪಟೆ ಮಾಡಿ ಕಳಿಸುತ್ತೆ. ಬಯಲುಸೀಮೆಯಲ್ಲಿ ಅದು ರಾಜ. ಕಣಿವೆಯಲ್ಲಿ ನಿಂತಾಗ ನಿಮಗೆ ಬೇಕಾದ ಸ್ಟೇಷನ್ ತಲೆಮೇಲಿನ ಗುಡ್ಡದಲ್ಲಿರುತ್ತೆ, ಅಲ್ಲಿ ಗಿಡ್ಡ ಕಡ್ಡಿಯ ಅಗಲವಾದ ಹರಡುವಿಕೆಯೇ ವಾಸಿ. ಪೋರ್ಟಿಕೋಗೂ, ರಸ್ತೆಗೆ ಬಗ್ಗಿದ ಬಿದಿರಿಗೂ ಬಡಿಯಲ್ಲ.

ಮ್ಯಾಗ್ನೆಟ್ ಬೇಸ್ ಸಾಕು. ಆಲ್ಟೊ ಚಾವಣಿ ಉಕ್ಕು, ಹಿಡಿಯುತ್ತೆ. ನಟ್ಟನಡುವೆ ಇಡಿ, ಚಾವಣಿ ತಗಡೇ ಆಂಟೆನಾದ ಇನ್ನರ್ಧ. ಅಂಚಿಗಿಟ್ಟರೆ ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ. ಆದ್ರೆ ಕೆಮ್ಮಣ್ಣಿನ ಧೂಳು ಅಡಿಗೆ ಸೇರಿ ಉಪ್ಪುಕಾಗದದ ಕೆಲಸ ಮಾಡುತ್ತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ (ಎಳೆದು ಜಾರಿಸಬೇಡಿ) ಎರಡೂ ಕಡೆ ಒರೆಸಿ. ಇಲ್ಲಾಂದ್ರೆ ದುಂಡಗಿನ ತುಕ್ಕಿನ ಕಲೆ ಗ್ಯಾರಂಟಿ.

ಕೇಬಲ್ಲನ್ನು ಹಿಂಬಾಗಿಲ ರಬ್ಬರಿನ ಮೂಲಕ ತನ್ನಿ. ರಬ್ಬರಿಗೆ ಬರೋ ಮುಂಚೆ ಒಂದು ಇಳಿಬಳುಕು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಪಿಎಲ್-259 ಕನೆಕ್ಟರ್ ಹೊರಗೆಲ್ಲಾದ್ರೂ ಇದ್ರೆ ತಾನೇ ಬೆಸೆದುಕೊಳ್ಳೋ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ. ನೀರು ಒಮ್ಮೆ ಹೊಕ್ಕರೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಕೇಬಲ್ಲಿನ ಹೆಣಿಗೆ ತಂತಿಯಲ್ಲಿ ಏರುತ್ತೆ. ತುದಿ ಸೀಳಿ ನೋಡಿ, ತಾಮ್ರ ಕಪ್ಪಗಾಗಿದ್ರೆ ಆ ಕೇಬಲ್ ಎಸೆಯೋದೇ. ಮೀಟರ್ ಮಾತ್ರ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೇದು) ಚೆನ್ನಾಗಿದೆ ಅನ್ನುತ್ತೆ, ಯಾಕಂದ್ರೆ ವಾಪಸ್ ಬರೋ ಶಕ್ತಿಯನ್ನೂ ಕೆಟ್ಟ ಕೇಬಲ್ಲೇ ನುಂಗಿರುತ್ತೆ.

ಮೊದಲ ದಿನಕ್ಕೆ ಇಷ್ಟು ನೆನಪಿಡಿ. ನೇರ ಮಾತಿಗೆ 145.500 ಮೆಗಾಹರ್ಟ್ಸ್. ರಿಪೀಟರ್ (ಕೇಳಿದ್ದನ್ನು ಮತ್ತೆ ಪ್ರಸಾರ ಮಾಡೋ ಸ್ಟೇಷನ್) ಕೇಳುತ್ತೆ, ನೀವು ಒತ್ತಿದ್ರೆ ಏಳಲ್ಲ ಅಂದ್ರೆ 600 ಕಿಲೊಹರ್ಟ್ಸ್ ಶಿಫ್ಟು (ಕೇಳೋ, ಕಳಿಸೋ ಕಂಪನಾಂಕಗಳ ಅಂತರ) ಅಥವಾ ಟೋನು (ರಿಪೀಟರನ್ನು ಎಬ್ಬಿಸೋ ಸ್ವರ) ತಪ್ಪಿದೆ. ಟೈಮ್‌ಔಟ್ (ಕಳಿಸೋದು ತಾನಾಗೇ ನಿಲ್ಲೋ ಸಮಯ) 3 ನಿಮಿಷಕ್ಕೆ ಇಡಿ, ಸೀಟಿನ ಸಂದಿಗೆ ಬಿದ್ದ ಮೈಕು ಚಾನೆಲ್ ಮುಚ್ಚಿಬಿಡುತ್ತೆ. ಸಿಗ್ನಲ್ ಪಟಪಟ ಅಂತಿದ್ರೆ ಗಾಡಿ ನಿಲ್ಲಿಸಿ ಅರ್ಧ ಮೀಟರ್ ಮುಂದೆ ಸರಿಸಿ, ಕಾಲು ತರಂಗ ಅಷ್ಟೇ ದೂರ, ಎಷ್ಟೋ ಸಲ ಪೂರ್ತಿ ತಿಳಿಯಾಗುತ್ತೆ. ಆಗುಂಬೆ ತಿರುವುಗಳಲ್ಲಿ ಮೈಕು ಹುಕ್ಕಿನಲ್ಲೇ ಇರಲಿ.

ತಾಮ್ರದ_ತಂತಿ:
ಗುಡ್ಡದ ಹಿಂದೆ ಬಿದ್ದಾಗ 2 ಮೀಟರಿನಲ್ಲಿ 80 ವ್ಯಾಟ್ ಇದ್ರೂ ಅಷ್ಟೇ. ಅಲ್ಲಿಗೆ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್ ಸುತ್ತಿನದು): ಮೇಲಕ್ಕೆ ಹೋಗಿ ಅಯಾನುಗೋಳಕ್ಕೆ ತಾಗಿ ಕಣಿವೆಯೊಳಗೇ ಇಳಿಯುತ್ತೆ. ಆದ್ರೆ ಕಾರಿನ ಮೇಲಿನ ಎಚ್‌ಎಫ್ (ಇಂಥ ಉದ್ದ ತರಂಗದ ಬ್ಯಾಂಡುಗಳ) ಕಡ್ಡಿಗೆ ಈಗ ದುಡ್ಡು ಹಾಕಬೇಡಿ, ಕೊಟ್ಟ ಶಕ್ತಿಯ ಹೆಚ್ಚಿನ ಪಾಲು ಕಾಯಿಲಿನಲ್ಲೇ ಬಿಸಿಯಾಗಿ ಹೋಗುತ್ತೆ. ಮುಂದೆ ಎಚ್‌ಎಫ್ ಸೆಟ್ ತಗೊಂಡಾಗ ಗಾಡಿ ನಿಲ್ಲಿಸಿ, ಒಂದೊಂದು ಕಡೆಗೆ 10 ಮೀಟರಿನ ಎರಡು ತಂತಿಯನ್ನು ಮರದ ಕೊಂಬೆಗೆ ಎಳೆದು ಕಟ್ಟೋದು ಎಷ್ಟೋ ವಾಸಿ.

ಗಾಜನೂರು_ಕಟ್ಟೆ:
ಸೆಟ್ ಬಂತು, ವೈರಿಂಗ್ ಹೇಳಿದ ಹಾಗೇ ಆಯ್ತು. ಎರಡು ತೊಂದರೆ. ಎಸ್‌ಡಬ್ಲ್ಯುಆರ್ 144ರಲ್ಲಿ 1.5, 145ರಲ್ಲಿ 1.7, 146ರಲ್ಲಿ 1.9. ಮತ್ತೆ ಇಂಜಿನ್ ಆನ್ ಆಫ್ ಏನೇ ಇದ್ರೂ 145.500ರಲ್ಲಿ ಜರ್ರ್ ಅಂತ ಸದ್ದು, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚೋದು) ತಾನಾಗೇ ತೆರೆದುಕೊಳ್ಳುತ್ತೆ.

ಹುಲಿಕಲ್_ಮಳೆ:
ಮೇಲಕ್ಕೆ ಹೋದಂತೆ ಕೆಡ್ತಿದೆ ಅಂದ್ರೆ ಕಡ್ಡಿ ಉದ್ದ. ಒಂದು ಸೆಂಟಿಮೀಟರಿಗೆ ಹತ್ತಿರ ಹತ್ತಿರ 3 ಮೆಗಾಹರ್ಟ್ಸ್ ಸರಿಯುತ್ತೆ. ಕತ್ತರಿ ಹಿಡಿಯೋ ಮುಂಚೆ ಬೇಸಿನ ಪುಟ್ಟ ಅಲೆನ್ ಸ್ಕ್ರೂ ಸಡಿಲಿಸಿ, ಕಡ್ಡಿಯನ್ನು ಒಳಗೆ 5 ಮಿಲಿಮೀಟರ್ ಇಳಿಸಿ ಅಳೆಯಿರಿ. ಜಾಗ ಮುಗಿದ್ರೆ ಮಾತ್ರ ಕತ್ತರಿಸಿ, ಒಂದು ಸಲಕ್ಕೆ 2 ಮಿಲಿಮೀಟರ್, ತುದಿಯನ್ನು ಅರದಿಂದ ದುಂಡಗೆ ಮಾಡಿ. ಅಳೆಯುವಾಗ ನಾಲ್ಕೂ ಬಾಗಿಲು ಮುಚ್ಚಿರಲಿ, ಯಾರೂ ಕಾರಿಗೆ ಒರಗಿ ನಿಲ್ಲಬಾರದು. 145ರಲ್ಲಿ 1.3 ಬಂದ್ರೆ ಕೈ ತೆಗೆಯಿರಿ.

ಸದ್ದಿಗೆ: ಇಂಜಿನ್ ಆಫ್ ಇದ್ರೂ ಬರ್ತಿದ್ರೆ ಆಲ್ಟರ್ನೇಟರ್ ಅಲ್ಲ. ಲೈಟರ್ ಸಾಕೆಟ್‌ನಲ್ಲಿ ಮೊಬೈಲ್ ಚಾರ್ಜರ್ ಇದ್ಯಾ? ಕಿತ್ತು ನೋಡಿ.

ಗಾಜನೂರು_ಕಟ್ಟೆ:
ಚಾರ್ಜರ್ ಕಿತ್ತ ಕೂಡಲೇ ನಿಂತ್ಹೋಯ್ತು. ಕಡ್ಡಿ 12 ಮಿಲಿಮೀಟರ್ ಇಳಿಸಿದೆ, 145ರಲ್ಲಿ 1.2.