ಸಹಾಯ ಬೇಕು: ಎರಡು ಕಟ್ಟಡಗಳ ನಡುವೆ ಫೈಬರ್ ಕೇಬಲ್ಲೇ, ವೈರ್‌ಲೆಸ್ ಸಂಪರ್ಕವೇ?

ತೀರ್ಥಹಳ್ಳಿ ಸೀಮೆಯ ನಮ್ಮ ಶಾಲೆಯ ಕಚೇರಿಯಿಂದ ಸುಮಾರು 250 ಮೀಟರ್ ದೂರದ ಹೊಸ ಕಂಪ್ಯೂಟರ್ ಕೊಠಡಿಗೆ ನೆಟ್‌ವರ್ಕ್ ಒದಗಿಸಬೇಕಾಗಿದ್ದು, ಅನುಭವಿಗಳ ಸಲಹೆ ಕೋರುತ್ತಿದ್ದೇನೆ. ಕ್ಯಾಟ್ 6 ತಾಮ್ರದ ಕೇಬಲ್‌ನ ಮಿತಿ 100 ಮೀಟರ್ ಆಗಿರುವುದರಿಂದಲೂ, ಮಲೆನಾಡಿನ ಸಿಡಿಲಿನ ಹೊತ್ತಿನಲ್ಲಿ ಹೊರಾಂಗಣದ ತಾಮ್ರದ ತಂತಿ ಎರಡೂ ತುದಿಯ ನೆಟ್‌ವರ್ಕ್ ಸ್ವಿಚ್‌ಗಳನ್ನು (ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿಗೆ ಜೋಡಿಸುವ ಸಾಧನಗಳನ್ನು) ಸುಡಬಲ್ಲದಾದ್ದರಿಂದಲೂ ಅದನ್ನು ಕೈಬಿಟ್ಟಿದ್ದೇವೆ. ಎರಡು ಕಟ್ಟಡಗಳನ್ನು ರೇಡಿಯೋ ಅಲೆಗಳಿಂದ ಜೋಡಿಸುವ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್ ಸುಲಭವೆನಿಸಿದರೂ ನಡುವೆ ಅಡಿಕೆ ತೋಟವಿದೆ. ಮಳೆಯಲ್ಲಿ ತೊಯ್ದ ಸೋಗೆಗಳು ಸಂಕೇತವನ್ನು ಹೀರಿಕೊಳ್ಳುತ್ತವೆ, ಮರಗಳೂ ಬೆಳೆಯುತ್ತಲೇ ಇರುತ್ತವೆ. ಹಾಗಾಗಿ ಗಾಜಿನ ಎಳೆಯಲ್ಲಿ ಬೆಳಕನ್ನು ಸಾಗಿಸುವ ಸಿಂಗಲ್ ಮೋಡ್ ಫೈಬರ್ ಕಡೆಗೇ ನನ್ನ ಒಲವು. ಲೋಹದ ಕವಚದ ಕೇಬಲ್ ಹೂತರೆ ಹೆಗ್ಗಣಗಳ ಕಾಟ ತಪ್ಪುತ್ತದೆ, ಆದರೆ ಆ ಕವಚವೇ ಸಿಡಿಲಿನ ವಿದ್ಯುತ್ತನ್ನು ಒಯ್ದೀತೆಂಬ ಆತಂಕವಿದೆ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನೊಳಗೆ ಲೋಹರಹಿತ ಕೇಬಲ್ ಹಾಕಿಸಿದವರು ಎಷ್ಟು ಆಳ ಅಗೆಸಿದಿರಿ, ತುದಿಗಳ ಸ್ಪ್ಲೈಸಿಂಗ್ (ಫೈಬರ್ ಎಳೆಗಳ ಜೋಡಣೆ) ಹೇಗೆ ಮಾಡಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.